ಹೊಸ ತಂತಿ, ಹೊಸ ಜರ್‌ಜರ್

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಸಿಂಧನೂರು ತಾಲ್ಲೂಕಿನ ಅಂಬಾಮಠದ ಕಡೆ ಜನ ಹೊರಡುತ್ತಾರೆ. ಆಮೇಲೆ ಮಸ್ಕಿಯ ಮಲ್ಲಿಕಾರ್ಜುನ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರ, ಊರೂರಿನ ಮಠಗಳ ತೇರು ಎಂದು ಜಾತ್ರೆಯ ಹಂಗಾಮು ಬಿಸಿಲೇರುವವರೆಗೆ ನಡೆಯುತ್ತದೆ. ಪೋಸ್ಟರಿನಲ್ಲಿ ‘ರಸಮಂಜರಿ’ ಎಂದು ಅಚ್ಚಾಗುವ ಆರ್ಕೆಸ್ಟ್ರಾದವರಿಗೆ ದುಡಿಮೆಯ ಕಾಲ ಇದೇ. ಅಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳದೇ ಕಾರುಬಾರು. ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಚೆಂದ, ಇಲ್ಲದಿದ್ದರೂ ನಡೆದುಹೋಗುತ್ತದೆ. ಹಾಗಾಗಿ ಅದರ ಆರೈಕೆಯೂ ಕಾರ್ಯಕ್ರಮದ ಹಿಂದಿನ ದಿನಕ್ಕೇ ಬೀಳುತ್ತದೆ. ಬೆವರು, ಧೂಳು ತಿಂದು ಕಪ್ಪಾದ ತಂತಿಗಳನ್ನು ಕಿತ್ತು, ಆನ್‌ಲೈನಿನಲ್ಲಿ ತರಿಸಿದ ಹೊಸ ಸೆಟ್ ಹಾಕಿ, ಶ್ರುತಿ ಮಾಡಿ, ಮೊದಲ ಕಾರ್ಡ್ ಹಿಡಿದಾಗ ಕೇಳಿಬರುವುದು ಜರ್‌ರ್.

“ಅಣ್ಣಾ, ತಂತಿ ಹೊಸಾವು ಹಾಕೀನ್ರಿ, ಆದ್ರೂ ಜರ್ ಅನ್ನಾಕತ್ತಾವು.”

“ಡೂಪ್ಲಿಕೇಟ್ ತಂದಿರ್ತಿ ನೋಡು ತಮ್ಮಾ.”

ಕೀಬೋರ್ಡಿನವರು ಕೊಡುವ ಈ ಉತ್ತರ ನೂರಕ್ಕೆ ತೊಂಬತ್ತು ಸಲ ತಪ್ಪು. ತಂತಿಯ ಗುಣದಲ್ಲಿ ಕೊರತೆ ಇರಬಹುದು, ಆದರೆ ಜರ್‌ಗುಟ್ಟುವುದಕ್ಕೆ ಅದು ಕಾರಣವಾಗುವುದು ತೀರಾ ಅಪರೂಪ. ತಂತಿ ಬದಲಿಸುವಾಗ ಗಿಟಾರಿನ ಮೇಲಿನ ಎಳೆತ ಬದಲಾಗಿರುತ್ತದೆ, ಎಳೆತ ಬದಲಾದರೆ ಮರ ಕದಲುತ್ತದೆ. ಹತ್ತನೆಯ ನಂಬರಿನ ಸೆಟ್, ಅಂದರೆ ಅತಿ ತೆಳುವಾದ ತಂತಿ ಇಂಚಿನ ಸಾವಿರದಲ್ಲಿ 10 ಭಾಗ ದಪ್ಪವಿರುವ ಸೆಟ್ ಹಾಕಿ ಸರಿಯಾದ ಶ್ರುತಿಗೆ ತಂದರೆ ಆರೂ ತಂತಿ ಸೇರಿ ನೆಕ್ಕನ್ನು ಸುಮಾರು 47 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಸಿಂಧನೂರಿನ ರೈಸ್ ಮಿಲ್ಲಿನಿಂದ ಹೊರಬೀಳುವ 25 ಕಿಲೋದ ಎರಡು ಸೋನಾ ಮಸೂರಿ ಚೀಲಗಳನ್ನು ಹೆಬ್ಬೆರಳಿನಷ್ಟು ದಪ್ಪದ ಆ ಮರದ ಪಟ್ಟಿಗೆ ನೇತುಹಾಕಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಅದೇ ಗಿಟಾರಿಗೆ ಒಂಬತ್ತರ ಸೆಟ್ ಹಾಕಿದರೆ ಎಳೆತ 38 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದೆವು, ಒಂಬತ್ತೋ ಹತ್ತೋ ನೋಡಲಿಲ್ಲ ಎನ್ನುವವರು ಗಮನಿಸಬೇಕಾದ್ದು ಈ ಎಂಟೊಂಬತ್ತು ಕಿಲೋ ವ್ಯತ್ಯಾಸವನ್ನು.

ಇನ್ನೊಂದು ಕಾರಣ ನಮ್ಮ ಕಡೆ ಹೆಚ್ಚು. ಹಾಡುವವರ ಕಂಠಕ್ಕೆ ತಕ್ಕಂತೆ ಗಿಟಾರನ್ನು ಅರ್ಧ ಸ್ವರ, ಒಂದು ಸ್ವರ ಇಳಿಸಿಕೊಳ್ಳುವ ರೂಢಿ ಇದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಕರಿ ಎರಡಕ್ಕೋ ಬಿಳಿ ಒಂದಕ್ಕೋ ಹೊಂದಿಸಿಕೊಳ್ಳುತ್ತಾರೆ. ಗಿಟಾರಿಗೆ ಅಂಥ ಗುಂಡಿ ಇಲ್ಲ, ಕಿವಿ ತಿರುವಬೇಕು. ಎಳೆತವು ಕಂಪನದ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅರ್ಧ ಸ್ವರ ಇಳಿಸಿದರೆ ನೂರಕ್ಕೆ 11ರಷ್ಟು, ಪೂರ್ತಿ ಸ್ವರ ಇಳಿಸಿದರೆ ನೂರಕ್ಕೆ 20ಕ್ಕೂ ಹೆಚ್ಚು ಎಳೆತ ಹೋಗುತ್ತದೆ. ಹತ್ತರ ಸೆಟ್ ಹಾಕಿ ಒಂದು ಸ್ವರ ಇಳಿಸಿಕೊಂಡವರ ನೆಕ್ಕಿಗೆ ಒಂಬತ್ತರ ಸೆಟ್ ಹಾಕಿದಷ್ಟೇ ಭಾರ ಬೀಳುತ್ತದೆ. ಎಳೆತ ಕಡಿಮೆಯಾದ ತಂತಿ ಅಗಲವಾಗಿಯೂ ಕುಣಿಯುತ್ತದೆ. ಒಂದು ಕಡೆ ನೆಕ್ ನೆಟ್ಟಗಾಗಿ ಜಾಗ ಕಡಿಮೆ, ಇನ್ನೊಂದು ಕಡೆ ಕುಣಿತ ಹೆಚ್ಚು. ತಂತಿ ಹೋಗಿ ಫ್ರೆಟ್ಟಿಗೆ, ಅಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿಯದೆ ಇನ್ನೇನು ಮಾಡೀತು?

ನೆಕ್ ಎನ್ನುವುದು ಅಡ್ಡಪಟ್ಟಿಯಿಟ್ಟು ಗೀಟು ಹೊಡೆದಂತೆ ನೆಟ್ಟಗಿರಬೇಕೆಂಬ ನಂಬಿಕೆ ಹಲವರಲ್ಲಿದೆ. ಹಾಗಿರಬಾರದು. ಮೀಟಿದ ತಂತಿಯ ಕುಣಿತ ನಡುವಿನಲ್ಲಿ ಹೆಚ್ಚು ಅಗಲ, ಎರಡು ತುದಿಗಳಲ್ಲಿ ಕಡಿಮೆ. ಆ ಕುಣಿತಕ್ಕೆ ಜಾಗ ಸಿಗಲೆಂದು ನೆಕ್ ಸ್ವಲ್ಪವೇ ಸ್ವಲ್ಪ ತಗ್ಗಾಗಿರಬೇಕು. ತಂತಿಗಳು ಮುಂದಕ್ಕೆ ಎಳೆದು ಆ ತಗ್ಗು ಮಾಡುತ್ತವೆ. ತಗ್ಗು ಹೆಚ್ಚಾಗದಂತೆ ನೆಕ್ಕಿನೊಳಗೆ ಹುದುಗಿರುವ ಉಕ್ಕಿನ ಕಂಬಿ ಹಿಂದಕ್ಕೆ ಹಿಡಿದಿರುತ್ತದೆ. ಅದೇ ಟ್ರಸ್ ರಾಡ್. ಅಮೆರಿಕದ ಕಲಮಜೂ ಎಂಬ ಊರಿನ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1921ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ. 1923ರಲ್ಲಿ ಅದು ಅವನಿಗೆ ದಕ್ಕಿತು. ಈಗ ಉಕ್ಕಿನ ತಂತಿಯ ಬಹುತೇಕ ಗಿಟಾರುಗಳ ನೆಕ್ಕಿನಲ್ಲಿ ಇಂಥದೊಂದು ಕಂಬಿ ಇರುತ್ತದೆ.

ಅದೇ 1921ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಭಾರತದ ತಂತಿವಾದ್ಯಗಳ ಬಗ್ಗೆ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಅವರ ಕಣ್ಣಿದ್ದದ್ದು ತಂಬೂರಿ ಮತ್ತು ವೀಣೆಯ ಕುದುರೆಯ, ಅಂದರೆ ಬ್ರಿಜ್ಜಿನ, ಮೇಲೆ. ಗಿಟಾರಿನವರು ಯಾವ ಜರ್ ಸದ್ದನ್ನು ಖರ್ಚು ಮಾಡಿ ಓಡಿಸಬೇಕೆನ್ನುತ್ತಾರೋ ಅದನ್ನೇ ನಮ್ಮ ವಾದ್ಯ ಮಾಡುವವರು ಉಳಿ, ಅರ ಹಿಡಿದು ಬೇಕೆಂದೇ ಬರಿಸುತ್ತಾರೆ. ತಂಬೂರಿಯ ಕುದುರೆ ಅಗಲ, ಅದರ ಮೈ ಸಣ್ಣದಾಗಿ ಉಬ್ಬಿರುತ್ತದೆ. ತಂತಿ ಕಂಪಿಸುವಾಗ ಆ ಉಬ್ಬಿನ ಮೇಲೆ ಒರಗಿ, ಬಿಟ್ಟು, ಮತ್ತೆ ಒರಗುತ್ತದೆ. ತಂತಿಯ ಕೆಳಗೆ ಒಂದು ರೇಷ್ಮೆಯ ಅಥವಾ ಹತ್ತಿಯ ಎಳೆ ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಕೂರುತ್ತಾರೆ. ಒಂದು ಜಾಗದಲ್ಲಿ ತಂಬೂರಿ ಥಟ್ಟನೆ ಬಾಯಿ ಬಿಡುತ್ತದೆ. ಹಿಂದೂಸ್ತಾನಿಯವರು ಅದಕ್ಕೆ ಜವಾರಿ ತೆರೆಯುವುದು ಎನ್ನುತ್ತಾರೆ. ಉತ್ತರ ಕರ್ನಾಟಕದ ಗಾಯಕರ ತಂಬೂರಿಗಳು ಹೆಚ್ಚಾಗಿ ಬಂದದ್ದು ಮಿರಜಿನಿಂದ. ಅಲ್ಲಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ರಾಮನ್ ಹಿಡಿದದ್ದು ಇದು: ಯುರೋಪಿನ ವಿಜ್ಞಾನಿ ಥಾಮಸ್ ಯಂಗ್‌ನ ಕಾಲದಿಂದಲೂ ಒಂದು ನಿಯಮವಿತ್ತು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೀರೋ, ಆ ಬಿಂದುವಿನಲ್ಲಿ ಸ್ತಬ್ಧವಾಗಿರಬೇಕಾದ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆ ಕೇಳುವ ಮೇಲಿನ ಸ್ವರಗಳು, ಹುಟ್ಟುವುದಿಲ್ಲ. ನಿಮ್ಮ ಗಿಟಾರಿನಲ್ಲೇ ನೋಡಿ. ತೆರೆದ ತಂತಿಯನ್ನು ಸರಿಯಾಗಿ 12ನೆಯ ಫ್ರೆಟ್ಟಿನ ಮೇಲೆ, ಅಂದರೆ ನಟ್ಟನಡುವೆ ಮೀಟಿ, ತಕ್ಷಣ ಅದೇ ಜಾಗದಲ್ಲಿ ಬೆರಳು ಹಗುರವಾಗಿ ತಾಕಿಸಿದರೆ ಸದ್ದು ಹೆಚ್ಚುಕಡಿಮೆ ಸತ್ತೇಹೋಗುತ್ತದೆ. ತಂಬೂರಿಯಲ್ಲಿ ಇದನ್ನೇ ಮಾಡಿದರೆ ಮೇಲಿನ ಷಡ್ಜ ಗಟ್ಟಿಯಾಗಿ ಮೊಳಗುತ್ತಲೇ ಇರುತ್ತದೆ. ನಿಯಮದ ಪ್ರಕಾರ ಇರಲೇಬಾರದ ಸ್ವರ ಅದು. ಉಬ್ಬಿನ ಕುದುರೆಗೆ ತಂತಿ ಒರಗಿ ಬಿಡುವುದರಿಂದ ಶಕ್ತಿ ಒಂದು ಉಪಸ್ವರದಿಂದ ಇನ್ನೊಂದಕ್ಕೆ ದಾಟುತ್ತದೆ.

ಗಿಟಾರಿನ ಜರ್‌ಜರ್ ಕೂಡ ಇದೇ ಕುಲದ್ದು. ತಂತಿ ಏನಕ್ಕೋ ತಾಕುತ್ತಿದೆ, ತಾಕಿದಾಗಲೆಲ್ಲ ಹೊಸ ಉಪಸ್ವರಗಳನ್ನು ಕೆರಳಿಸುತ್ತಿದೆ. ತಂಬೂರಿಯಲ್ಲಿ ಎಲ್ಲಿ ತಾಕಬೇಕೆಂದು ಮಾಡಿದವನು ನಿರ್ಧರಿಸಿರುತ್ತಾನೆ. ಗಿಟಾರಿನಲ್ಲಿ ಅದು ತನಗೆ ತೋಚಿದಲ್ಲಿ ತಾಕುತ್ತದೆ. 1967ರಲ್ಲಿ ಅಮೆರಿಕದ ವಿನ್ಸೆಂಟ್ ಬೆಲ್ ವಿನ್ಯಾಸ ಮಾಡಿದ ಎಲೆಕ್ಟ್ರಿಕ್ ಸಿತಾರ್ ಎಂಬ ಗಿಟಾರಿಗೆ ಅಗಲವಾದ ಚಪ್ಪಟೆ ಬ್ರಿಜ್ ಇತ್ತು. ಈ ಸದ್ದಿಗೆಂದೇ ಅಲ್ಲಿನವರು ಬೇರೆ ದುಡ್ಡು ಕೊಟ್ಟು ಅದನ್ನು ಕೊಂಡರು. ನಮಗಂತೂ ಈ ಸದ್ದು ಹೊಸದಲ್ಲ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇದ್ದ ಸೀಮೆ ನಮ್ಮದು. ದಾಸರ ಚಿತ್ರ ಬರೆದರೆ ಹೆಗಲಿಗೊಂದು ತಂಬೂರಿ ಬರೆಯದ ಕಲಾವಿದನಿಲ್ಲ. ಭಜನೆಯವರ ಏಕತಾರಿ ಕೇಳುತ್ತ ಬೆಳೆದ ಕಿವಿಗೆ, ತಂತಿ ಎಲ್ಲಿ ತಾಕುತ್ತಿದೆ ಎಂದು ಹುಡುಕುವುದು ಕಷ್ಟವಾಗಬಾರದು. ಗಿಟಾರ್ ರಿಪೇರಿಯಲ್ಲಿ ಮುಕ್ಕಾಲು ಪಾಲು ಕೆಲಸ ಈ ಹುಡುಕಾಟವೇ. ಸ್ಕ್ರೂ ತಿರುವುವುದು ಉಳಿದ ಕಾಲು ಪಾಲು. ನಮ್ಮ ಹುಡುಗರು ಯೂಟ್ಯೂಬ್ ನೋಡಿ ಈ ಕಾಲು ಪಾಲಿನಿಂದ ಶುರು ಮಾಡುತ್ತಾರೆ, ಕೆಡುವುದು ಅಲ್ಲೇ.

ಮೊದಲು ಗಿಟಾರನ್ನು ಆಂಪಿಗೆ ಹಚ್ಚಿ ಕೇಳಬೇಕು. ಬರಿಗೈಯಲ್ಲಿ ಮೀಟಿದಾಗ ಸಣ್ಣಗೆ ಜರ್ ಎನ್ನುವ ಎಷ್ಟೋ ಗಿಟಾರುಗಳು ಸ್ಪೀಕರಿನಲ್ಲಿ ಶುದ್ಧವಾಗಿ ಕೇಳುತ್ತವೆ. ಸ್ಪೀಕರಿನಲ್ಲಿ ಕೇಳದ ಸದ್ದಿಗಾಗಿ ಸ್ಪ್ಯಾನರ್ ಹಿಡಿಯುವುದು ಬೇಡ. ಅಲ್ಲಿಯೂ ಕೇಳಿದರೆ ಒಂದೊಂದೇ ತಂತಿ, ಒಂದೊಂದೇ ಫ್ರೆಟ್ ಒತ್ತುತ್ತ ಮೇಲಿಂದ ಕೆಳಗೆ ಬರಬೇಕು. ಶ್ರುತಿ ಸರಿಯಿರಬೇಕು, ನಾಳೆ ವೇದಿಕೆಯಲ್ಲಿ ನುಡಿಸುವ ಶ್ರುತಿಯಲ್ಲೇ ಇರಬೇಕು.

ತೆರೆದ ತಂತಿ ಮಾತ್ರ ಜರ್ ಎಂದು, ಮೊದಲ ಫ್ರೆಟ್ ಒತ್ತಿದ ಕೂಡಲೇ ಸದ್ದು ಶುಚಿಯಾದರೆ ತೊಂದರೆ ನಟ್‌ನಲ್ಲಿದೆ, ಅಂದರೆ ತಲೆಯ ಹತ್ತಿರದ ಬಿಳಿ ಪಟ್ಟಿಯಲ್ಲಿ. ದಪ್ಪ ತಂತಿಗೆಂದು ಕೊರೆದ ಸೀಳಿನಲ್ಲಿ ಈಗ ತೆಳು ತಂತಿ ಕೂತು ಅಳ್ಳಾಡುತ್ತಿರಬಹುದು, ಅಥವಾ ಸೀಳು ಸವೆದು ಆಳವಾಗಿರಬಹುದು. ಸೀಳಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಮೇಲೆ ಫೆವಿಕ್ವಿಕ್ ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆಮೇಲೆ ಸಣ್ಣ ಅರದಿಂದ ಬೇಕಾದಷ್ಟೇ ಉಜ್ಜಿಕೊಳ್ಳಬೇಕು. ಪರದೇಶದ ಕುಶಲಿಗರೂ ತುರ್ತಿಗೆ ಇದನ್ನೇ ಮಾಡುತ್ತಾರೆ. ಇನ್ನೊಂದು ಮಾತು: ಟ್ಯೂನರ್ ಕಡ್ಡಿಗೆ ತಂತಿಯನ್ನು ಎರಡು ಮೂರು ಸುತ್ತು, ಕೆಳಮುಖವಾಗಿ ಸುತ್ತಿರದಿದ್ದರೆ ತಂತಿ ನಟ್ ಮೇಲೆ ಗಟ್ಟಿಯಾಗಿ ಒತ್ತುವುದಿಲ್ಲ. ಆಗ ಅದು ಸಿತಾರಿನ ಹಾಗೆ ನುಡಿಯುತ್ತದೆ. ತಂತಿ ಉಳಿಸಲು ತುದಿ ಗಿಡ್ಡ ಕತ್ತರಿಸಿದವರಿಗೆ ಬರುವ ಕಾಟ ಇದು. ಕತ್ತರಿಸದೆ ಬಿಟ್ಟ ತುದಿ ತಲೆಗೆ ತಾಗಿ ಗಿಲಿಗುಟ್ಟುವುದೂ ಉಂಟು.

ಒಂದರಿಂದ ಐದನೆಯ ಫ್ರೆಟ್ಟಿನವರೆಗೆ ಜರ್ ಎಂದು, ಮೇಲೆ ಹೋದಂತೆ ಸುಮ್ಮನಾದರೆ ನೆಕ್ ನೆಟ್ಟಗಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ದಪ್ಪ ಸೆಟ್ ತೆಗೆದು ತೆಳು ಸೆಟ್ ಹಾಕಿದಾಗ ಆಗುವುದು ಬಹುಪಾಲು ಇದೇ. ಖಾತ್ರಿ ಮಾಡಿಕೊಳ್ಳಲು ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ತಂತಿಯೇ ಈಗ ಅಡ್ಡಪಟ್ಟಿ. ಏಳೆಂಟನೆಯ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಇರಬೇಕು. ಅಳೆಯುವುದಕ್ಕೆ ಫೀಲರ್ ಗೇಜ್ ಬೇಕು. ಅದನ್ನು ಹುಡುಕಿಕೊಂಡು ಹೈದರಾಬಾದಿಗೆ ಹೋಗಬೇಕಾಗಿಲ್ಲ, ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಮೆಕ್ಯಾನಿಕ್ ಕೈಯಲ್ಲೇ ಇರುತ್ತದೆ. ಅದೂ ಸಿಗದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದರೂ ಅಂದಾಜು ಸಿಗುತ್ತದೆ.

ಸಂದು ಇಲ್ಲವೇ ಇಲ್ಲವೆಂದಾದರೆ ಟ್ರಸ್ ರಾಡನ್ನು ಸಡಿಲಿಸಬೇಕು, ಎಡಕ್ಕೆ. ಬಲಕ್ಕೆ ತಿರುವಿದರೆ ನೆಕ್ ಇನ್ನೂ ನೆಟ್ಟಗಾಗಿ ಸದ್ದು ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಮರಕ್ಕೆ ಅವಸರವಿಲ್ಲ, ರಾತ್ರಿ ಕಳೆದ ಮೇಲೂ ಸ್ವಲ್ಪ ಸರಿಯುತ್ತದೆ. ಕೀ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಗಿಟಾರುಗಳಿಗೆ ಮಿ.ಮೀ. ಅಳತೆಯ ಅಲೆನ್ ಕೀ, ಕೆಲವಕ್ಕೆ ಇಂಚಿನದು. ಇಂಚಿನ ಎಂಟರಲ್ಲೊಂದು ಭಾಗದ ತೂತಿಗೆ 3 ಮಿ.ಮೀ. ಕೀ ಸಡಿಲವಾಗಿ ಹೋಗುತ್ತದೆ, ತಿರುವಿದರೆ ಮೂಲೆಗಳು ಸವೆದು ತೂತು ಗುಂಡಗಾಗುತ್ತದೆ. ಅಲ್ಲಿಗೆ ಆ ರಾಡಿನ ಕಥೆ ಮುಗಿಯಿತು.

ಹನ್ನೆರಡನೆಯ ಫ್ರೆಟ್ಟಿನಿಂದ ಆಚೆಗೆ ಮಾತ್ರ ಸದ್ದಿದ್ದರೆ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗಳು ತಗ್ಗಾಗಿವೆ. ಅವುಗಳ ಸಣ್ಣ ಸ್ಕ್ರೂಗಳು ಕಂಪನಕ್ಕೆ ತಾವಾಗಿಯೇ ಇಳಿಯುವುದುಂಟು. ಮೆಟಡಾರಿನಲ್ಲಿ ಊರೂರು ಸುತ್ತುವ ಗಿಟಾರಾದರೆ ಕೇಳುವುದೇ ಬೇಡ. 12ನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಕೆಳಗೆ ಸುಮಾರು 2 ಮಿ.ಮೀ., ತೆಳು ತಂತಿಯ ಕೆಳಗೆ ಒಂದೂವರೆ ಮಿ.ಮೀ. ಜಾಗ ಇದ್ದರೆ ಆರ್ಕೆಸ್ಟ್ರಾ ಕೈಗೆ ಸಾಕು. ತಂತಿ ಫ್ರೆಟ್ಟಿಗೆ ಅಂಟಿಕೊಂಡಂತಿರಬೇಕು, ಬೆರಳಿಗೆ ನೋವಾಗಬಾರದು ಎಂದು ಬಯಸುವವರು ತುಸು ಜರ್ ಒಪ್ಪಿಕೊಳ್ಳಬೇಕು. ಜೋರಾಗಿ ಬಾರಿಸುವ ಕೈಗೆ ತಗ್ಗು ತಂತಿ ಒಗ್ಗುವುದಿಲ್ಲ. ಹವಾಯಿಯನ್ ಗಿಟಾರಿನವರಿಗೆ ಈ ತಲೆನೋವೇ ಇಲ್ಲ. ತಂತಿಯನ್ನು ಎತ್ತರಕ್ಕೇರಿಸಿ ಮೇಲೆ ಉಕ್ಕಿನ ಕಡ್ಡಿ ಜಾರಿಸುವವರಿಗೆ ಫ್ರೆಟ್ ಲೆಕ್ಕದಲ್ಲಿಲ್ಲ.

ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸ್ಟ್ರಾಟ್ ಮಾದರಿಯ ಗಿಟಾರು, ಬ್ರಿಜ್‌ಗೊಂದು ಅಲ್ಲಾಡಿಸುವ ಕಡ್ಡಿ ಇರುವಂಥದು. ಅದರ ಹಿಂಬದಿಯ ಪ್ಲೇಟ್ ಬಿಚ್ಚಿದರೆ ಮೂರೋ ಐದೋ ಸ್ಪ್ರಿಂಗುಗಳು ಕಾಣುತ್ತವೆ. ಮುಂದಿನಿಂದ ತಂತಿಗಳ ಎಳೆತ, ಹಿಂದಿನಿಂದ ಸ್ಪ್ರಿಂಗಿನ ಎಳೆತ, ನಡುವೆ ತೂಗುವ ಬ್ರಿಜ್. ತೆಳು ಸೆಟ್ ಹಾಕಿದಿರೋ, ಸ್ಪ್ರಿಂಗ್ ಗೆಲ್ಲುತ್ತದೆ, ಬ್ರಿಜ್ ಹಿಂದಕ್ಕೆ ಕೂರುತ್ತದೆ, ಆರೂ ತಂತಿ ಒಟ್ಟಿಗೆ ತಗ್ಗುತ್ತವೆ, ಎಲ್ಲ ಫ್ರೆಟ್ಟಿನಲ್ಲೂ ಜರ್. ಇದನ್ನು ಅರಿಯದೆ ನೆಕ್ಕಿನ ರಾಡಿಗೆ ಕೈ ಹಾಕಿದರೆ ಒಂದು ತೊಂದರೆ ಎರಡಾಗುತ್ತದೆ. ಮಾಡಬೇಕಾದ್ದು ಇಷ್ಟೇ: ಸ್ಪ್ರಿಂಗುಗಳನ್ನು ಹಿಡಿದಿರುವ ಕೊಕ್ಕೆಯ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸುತ್ತ, ಪ್ರತಿ ಸಲ ಶ್ರುತಿ ಸರಿಮಾಡುತ್ತ, ಬ್ರಿಜ್ ಮೊದಲಿದ್ದ ಮಟ್ಟಕ್ಕೆ ತರುವುದು. ಇಂಥ ಗಿಟಾರಿನಲ್ಲಿ ಆರೂ ತಂತಿ ಒಮ್ಮೆಗೇ ಬಿಚ್ಚದೆ ಒಂದು ತೆಗೆದು ಒಂದು ಹಾಕುವವರು ಜಾಣರು.

ಇವೆಲ್ಲ ನೋಡಿಯೂ ದಪ್ಪ ತಂತಿ ಕುಣಿದು ಕುಣಿದು ನುಡಿದರೆ ಪಿಕಪ್ ಎತ್ತರ ನೋಡಿ. ಅದು ಅಯಸ್ಕಾಂತ, ತೀರಾ ಹತ್ತಿರವಿದ್ದರೆ ತಂತಿಯನ್ನು ಎಳೆಯುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಗೂ ಪಿಕಪ್ಪಿಗೂ ಎರಡೂವರೆ ಮೂರು ಮಿ.ಮೀ. ಅಂತರವಿದ್ದರೆ ಚಿಂತೆಯಿಲ್ಲ.

ಹವೆಯ ಪಾತ್ರವೂ ಇದೆ. ಮಳೆಗಾಲದ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರಿನ ಸುತ್ತ ಗದ್ದೆಗಳು ನೀರು ನಿಂತು ಹೊಳೆಯುತ್ತವೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿ ಗಾಳಿ ಒಣಗಿ ಹಪ್ಪಳವಾಗುತ್ತದೆ. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ನೆಕ್ ಮೇಲೆ ಅಂಗೈ ಜಾರಿಸಿದರೆ ಫ್ರೆಟ್ಟಿನ ತುದಿಗಳು ಚುಚ್ಚುತ್ತವೆ, ಮರ ಕುಗ್ಗಿ ಲೋಹ ಹೊರಗೆ ಉಳಿದುದರ ಗುರುತು. ಇಲ್ಲಿ ಇಟ್ಟ ಗಿಟಾರನ್ನು ವರ್ಷಕ್ಕೆರಡು ಸಲವಾದರೂ ಅಳೆದು ನೋಡಬೇಕು. ಮಧ್ಯಾಹ್ನದ ಹೊತ್ತು ಕಾರಿನ ಡಿಕ್ಕಿಯಲ್ಲಿ ಬಿಟ್ಟವರ ಗತಿ ಬೇರೆ.

ಇನ್ನೊಂದು ಸದ್ದನ್ನು ಇದರೊಡನೆ ಗೊಂದಲ ಮಾಡಿಕೊಳ್ಳುವವರಿದ್ದಾರೆ, ಅದರ ಬಗ್ಗೆ ತುಸು ಗಟ್ಟಿಯಾಗಿಯೇ ಹೇಳಬೇಕು. ತಂತಿ ಮೀಟದೆ ಸುಮ್ಮನೆ ನಿಂತಾಗಲೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿದ್ದರೆ ಅದಕ್ಕೂ ತಂತಿಗೂ ಸಂಬಂಧವಿಲ್ಲ, ಅದು ಕರೆಂಟಿನ 50 ಹರ್ಟ್ಜ್ ಸದ್ದು. ಪೆಂಡಾಲಿನ ಸೀರಿಯಲ್ ಲೈಟು, ಡಿಮ್ಮರು, ಜನರೇಟರು ಎಲ್ಲ ಸೇರಿ ಅದನ್ನು ಬೆಳೆಸುತ್ತವೆ. ತಂತಿಗೆ ಕೈ ತಾಕಿಸಿದಾಗ ಗುಂಯ್ ಕಡಿಮೆಯಾದರೆ ಗಾಬರಿ ಬೇಡ. ಗಿಟಾರಿನ ತಂತಿಗಳು ಬ್ರಿಜ್ ಮೂಲಕ ಅರ್ತಿಗೆ ಸೇರಿರುತ್ತವೆ, ಅದಕ್ಕೇ ಹಾಗಾಗುತ್ತದೆ. ಭಯಪಡಬೇಕಾದ್ದು ಅರ್ತಿಂಗೇ ಇಲ್ಲದ ವೇದಿಕೆಯನ್ನು. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಮುರಿದು, ಎರಡೇ ವೈರು ಬೋರ್ಡಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಚಾಳಿ ಇನ್ನೂ ಹೋಗಿಲ್ಲ. ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಗೆ: ನಡುವೆ ಹರಿಯುವ ಕರೆಂಟು ಎದೆಯನ್ನೇ ದಾಟುತ್ತದೆ. ತುಟಿಗೆ ಚುರ್ ಎಂದರೆ ಹಾಡು ನಿಲ್ಲಿಸಿ, ಮೇನ್ ಆಫ್ ಮಾಡಿಸಿ, ಅರ್ತ್ ಸರಿಮಾಡಿಸಿದ ಮೇಲೆಯೇ ಮುಂದಿನ ಮಾತು. ಸಂಘಟಕರು ಸಿಟ್ಟಾಗಲಿ.

ಮತ್ತೆ ತಂತಿಗೆ ಬರೋಣ. ಒಂದೇ ಒಂದು ಫ್ರೆಟ್ಟಿನಲ್ಲಿ ಜರ್ ಇದ್ದು ಉಳಿದೆಡೆ ಎಲ್ಲ ಶುದ್ಧವಿದ್ದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ಟುಗಳ ಮೇಲೆ ಅಡ್ಡ ಇಟ್ಟು ಅಲುಗಿಸಿ. ಟಕಟಕ ಎಂದು ತೂಗಿದರೆ ನಡುವಿನದು ಎತ್ತರ. ವೀಣೆಯಾಗಿದ್ದರೆ ಮೇಣ ಕರಗಿಸಿ ಮೆಟ್ಟಿಲನ್ನು ಮತ್ತೆ ಕೂರಿಸಬಹುದಿತ್ತು. ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಮೇಣದ ಮೇಲೆ ನಿಲ್ಲಿಸಿ, ಬೇಕಾದಾಗ ಎಬ್ಬಿಸಿ ಸರಿಪಡಿಸುವ ಆ ವ್ಯವಸ್ಥೆ ಎಷ್ಟು ದೂರದೃಷ್ಟಿಯದು ಎಂಬುದು ಗಿಟಾರಿನ ಫ್ರೆಟ್ ಸಮ ಮಾಡುವ ಕೆಲಸ ನೋಡಿದ ಮೇಲೆ ಗೊತ್ತಾಗುತ್ತದೆ. ಇಲ್ಲಿ ಫ್ರೆಟ್ಟುಗಳು ಮರದ ಸೀಳಿಗೆ ಬಡಿದು ಕೂತಿರುತ್ತವೆ. ಎದ್ದದ್ದನ್ನು ಅರದಿಂದ ಉಜ್ಜಿ, ಮತ್ತೆ ತುದಿ ದುಂಡಗೆ ಮಾಡಿ, ಮೆರುಗು ಕೊಡಬೇಕು. ಉಜ್ಜಿಹೋದ ಲೋಹ ವಾಪಸು ಬರುವುದಿಲ್ಲ. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೈ ಪಳಗಿದವರಿಗೆ ಒಪ್ಪಿಸಿ, ಯಾವ ತಂತಿಯಲ್ಲಿ ಎಷ್ಟನೆಯ ಫ್ರೆಟ್ ಎಂದು ಚೀಟಿ ಬರೆದು ಕೊಟ್ಟರೆ ಕೂಲಿಯೂ ಕಡಿಮೆಯಾದೀತು.

ಹೊಸ ಸೆಟ್ಟಿನ ಖಾಲಿ ಕವರನ್ನು ಎಸೆಯದೆ ಗಿಟಾರಿನ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಅದರ ಮೇಲೆ ತಂತಿಯ ನಂಬರು ಅಚ್ಚಾಗಿರುತ್ತದೆ. ಪಕ್ಕದಲ್ಲಿ ಪೆನ್ನಿನಿಂದ, ತಂತಿ ಹಾಕಿದ ತಿಂಗಳು, ಇಳಿಸಿಕೊಂಡ ಶ್ರುತಿ, ಏಳನೆಯ ಫ್ರೆಟ್ಟಿನ ಸಂದು, ರಾಡ್ ತಿರುವಿದ್ದರೆ ಯಾವ ಕಡೆ ಎಷ್ಟು ಎಂದು ಬರೆದಿಡಿ. ಮುಂದಿನ ಹಂಗಾಮಿಗೆ ತಂತಿ ತರುವಾಗ ಅದೇ ನಂಬರು ಕೇಳಿ ತಂದರೆ ಅಲೆನ್ ಕೀ ಹೊರಗೆ ತೆಗೆಯುವ ಪ್ರಸಂಗ ಬಹುಶಃ ಬರುವುದಿಲ್ಲ.